ಮಗುವಿನ ಕಿವಿನೋವಿಗೆ ಆ್ಯಂಟಿಬಯೋಟಿಕ್ ಕೊಡದೆ ಕಾಯಬಹುದೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ಮಗನಿಗೆ ಮೂರು ವರ್ಷ. ಐದು ದಿನ ನೆಗಡಿಯಿತ್ತು. ನಿನ್ನೆ ರಾತ್ರಿಯಿಂದ ಬಲಗಿವಿ ಹಿಡಿದುಕೊಂಡು ಅಳುತ್ತಾನೆ, ಪ್ಯಾರಾಸಿಟಮಾಲ್ ಕೊಟ್ಟರೆ ಆಡುತ್ತಾನೆ. ಜ್ವರ 101 ಡಿಗ್ರಿ ಇದೆ. ಕಿವಿಯ ತಮಟೆ ಕೆಂಪಾಗಿ ಉಬ್ಬಿದೆ ಎಂದ ಮಕ್ಕಳ ವೈದ್ಯರು ಆ್ಯಂಟಿಬಯೋಟಿಕ್ ಬರೆಯದೆ, ಎರಡು ದಿನ ಬಿಟ್ಟು ಬರಲು ಹೇಳಿದರು. ಮೆಡಿಕಲ್ ಶಾಪಿನವರು ಮೂರು ದಿನದ ಅಜಿತ್ರೋಮೈಸಿನ್ ಸಾಕು ಎನ್ನುತ್ತಾರೆ. ಅತ್ತೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋಣ ಎನ್ನುತ್ತಾರೆ. ಮೂರು ವಾರದ ಹಿಂದೆ ಕೊಟ್ಟಿದ್ದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್ಜಿನಲ್ಲಿ ಅರ್ಧ ಬಾಟಲಿ ಉಳಿದಿದೆ. ಏನು ಮಾಡಲಿ?

ಉತ್ತರ (ಕಿವಿ-ಮೂಗು-ಗಂಟಲು ತಜ್ಞ): ನಿಮ್ಮ ವೈದ್ಯರ ಸಲಹೆ ಸರಿಯಾಗಿದೆ. ಎರಡು ವರ್ಷ ದಾಟಿದ ಮಗುವಿಗೆ ನೋವು ತೀವ್ರವಾಗಿಲ್ಲದೆ, ಜ್ವರ 102.2 ಡಿಗ್ರಿಯೊಳಗಿದ್ದು, ಕಿವಿ ಸೋರದಿದ್ದರೆ 48ರಿಂದ 72 ಗಂಟೆ ಕಾದು ನೋಡುವುದು ಒಪ್ಪಿತ ಕ್ರಮ. ಬಹುಪಾಲು ಮಕ್ಕಳಲ್ಲಿ ಸೋಂಕು ತಾನಾಗಿಯೇ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟರೂ ಮೊದಲ ದಿನದ ನೋವಿಗೆ ಅದರಿಂದ ಉಪಯೋಗವಿಲ್ಲದ ಕಾರಣ ಪ್ಯಾರಾಸಿಟಮಾಲನ್ನು ಹೇಳಿದ ಹೊತ್ತಿಗೆ ಕೊಡಿ.

ಅಜಿತ್ರೋಮೈಸಿನ್ ಬೇಡ. ಈ ಸೋಂಕಿನ ಮುಖ್ಯ ಬ್ಯಾಕ್ಟೀರಿಯಾವಾದ ನ್ಯುಮೋಕಾಕಸ್ ಅದಕ್ಕೆ ಅನೇಕ ಸಲ ಬಗ್ಗುವುದಿಲ್ಲ. ಅಗತ್ಯ ಬಿದ್ದಾಗ ಮೊದಲ ಆಯ್ಕೆ ಅಮಾಕ್ಸಿಸಿಲಿನ್, ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 80ರಿಂದ 90 ಮಿ.ಗ್ರಾಂ, ಎರಡು ಪಾಲಾಗಿ. ಆದರೆ ಫ್ರಿಜ್ಜಿನಲ್ಲಿರುವುದನ್ನು ಚೆಲ್ಲಿಬಿಡಿ. ನೀರು ಬೆರೆಸಿದ ಡ್ರೈ ಸಿರಪ್ಪಿನ ಆಯುಷ್ಯ ಸಾಮಾನ್ಯವಾಗಿ ಏಳೇ ದಿನ. ಚೆಲ್ಲುವ ಮೊದಲು ಆ ಬಾಟಲಿಯ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿ: ಕಳೆದ 30 ದಿನಗಳಲ್ಲಿ ಅಮಾಕ್ಸಿಸಿಲಿನ್ ಕುಡಿದ ಮಗುವಿನಲ್ಲಿ ಉಳಿದ ಬ್ಯಾಕ್ಟೀರಿಯಾ ಆ ಔಷಧವನ್ನೇ ಮುರಿಯುವ ಕಿಣ್ವ ಹೊಂದಿರಬಹುದಾದ್ದರಿಂದ, ಆ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್ ಸಿರಪ್ ಬರೆಯಬೇಕಾಗುತ್ತದೆ. ಅದರಿಂದ ಭೇದಿ ಸ್ವಲ್ಪ ಹೆಚ್ಚು. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಅಲರ್ಜಿ ತೀವ್ರ ಸ್ವರೂಪದ್ದಲ್ಲದಿದ್ದರೆ ಸೆಫ್‌ಪೊಡಾಕ್ಸಿಮ್‌ನಂಥವು ಇವೆ.

ಮರುದಿನದ ಪ್ರಶ್ನೆ: ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆಯಿತ್ತು. ನೋವು ನಿಂತು ಮಗು ಆಡುತ್ತಿದ್ದಾನೆ. ಇನ್ನು ಔಷಧ ಬೇಡವಲ್ಲವೇ?

ಉತ್ತರ: ಬೇಕು. ತಮಟೆ ತೂತಾಗಿ ಕೀವು ಹೊರಬಂದು ಒತ್ತಡ ಇಳಿದದ್ದರಿಂದ ನೋವು ನಿಂತಿರಬೇಕು. ಕಿವಿ ಸೋರಿದ ಮೇಲೆ ಕಾಯುವಂತಿಲ್ಲ, ಇವತ್ತೇ ವೈದ್ಯರನ್ನು ನೋಡಿ. ಮನೆಯಲ್ಲಿರುವ ಹಳೆಯ ಕಿವಿ ಡ್ರಾಪ್ಸ್ ಹಾಕಬೇಡಿ, ಏಕೆಂದರೆ ಅವುಗಳಲ್ಲಿರಬಹುದಾದ ಜೆಂಟಾಮೈಸಿನ್, ನಿಯೋಮೈಸಿನ್ ತೂತಿನ ಮೂಲಕ ಒಳಗಿವಿಗೆ ಇಳಿದರೆ ಶ್ರವಣಶಕ್ತಿಗೆ ಹಾನಿಯಾಗಬಹುದು; ವೈದ್ಯರು ಬರೆದರೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಡ್ರಾಪ್ಸ್ ಹಾಕಿ. ಎಣ್ಣೆಯನ್ನೂ ಕಿವಿಗೆ ಹಾಕಬಾರದು; ಅದನ್ನು ಅತ್ತೆಯವರಿಗೆ ನೀವೇ ಮೆಲ್ಲಗೆ ಹೇಳಬೇಕು. ಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲಿನ್ ಸವರಿ ಕಿವಿಗೆ ಇಡಿ. ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕಿವಿಯ ಹಿಂದೆ ಊದಿಕೊಂಡು ಕಿವಿ ಮುಂದಕ್ಕೆ ಚಾಚಿದಂತೆ ಕಂಡರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಿ.