ಗುಲ್ಮಾರ್ಗ್: ಗೊಂಡೋಲಾ (ಕೇಬಲ್ ಕಾರ್) ಎರಡನೇ ಹಂತದಿಂದ ಗೇಟ್ ಆಚೆ ಇಳಿಯುವ ಮುಂಚೆ ಹೊಂಡ ತೋಡಿ ನೋಡಿದರೆ ಸಾಕಾ?

ಸ್ಕೀ_ಹುಚ್ಚ: ಫೆಬ್ರವರಿಯಲ್ಲಿ ಬೆಂಗಳೂರಿನಿಂದ ನಾಲ್ವರು ಹೊರಟಿದ್ದೇವೆ. ಅಫರ್ವಟ್ ಬೆಟ್ಟದ ಮೇಲಿನ ಸ್ಟೇಷನ್‌ನಿಂದ (ಸುಮಾರು 3,950 ಮೀ.) ಪಟ್ರೋಲ್‌ನವರು ನೋಡಿಕೊಳ್ಳುವ ಮಧ್ಯದ ಬೌಲ್ (ಬಟ್ಟಲಿನಾಕಾರದ ಇಳಿಜಾರು) ಬಿಟ್ಟು ಪಕ್ಕದ ಇಳಿಜಾರುಗಳಿಗೆ ಹೋಗುವ ಆಸೆ. ಡಿಜಿಆರ್‌ಇ (ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ) ಕೊಡುವ ಹಿಮಕುಸಿತದ ಎಚ್ಚರಿಕೆಯಲ್ಲಿ ಬಾರಾಮುಲ್ಲಾ ಜಿಲ್ಲೆಗೆ 'ಮಧ್ಯಮ' ಅಂತಿದ್ದು, ಹಿಮದಲ್ಲಿ ಹೊಂಡ ತೋಡಿ ಕಂಪ್ರೆಷನ್ ಟೆಸ್ಟ್ (ಹಿಮದ ಕಂಬ ಬಿಡಿಸಿ ಮೇಲಿಂದ ತಟ್ಟಿ ಪದರಗಳ ಗಟ್ಟಿತನ ನೋಡುವುದು) ಮಾಡಿದಾಗ ಹಿಮ ಗಟ್ಟಿ ಅನಿಸಿದರೆ ಇಳಿಯಬಹುದಾ? ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೊ ಸಾಧನ) ಅಲ್ಲೇ ಬಾಡಿಗೆಗೆ ಸಿಗುತ್ತದಂತೆ.

ಇಳಿಜಾರು_39: ಆ ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ, ಇಂತಿಷ್ಟು ಎತ್ತರದ ಮೇಲೆ ಅಂತ. ನೀವು ನಿಂತಿರುವ ಇಳಿಜಾರಿನಲ್ಲಿ ಯಾವ ಪದರ ಸಡಿಲ ಅನ್ನುವುದು ಅದರಲ್ಲಿ ಇರುವುದಿಲ್ಲ. 'ಮಧ್ಯಮ'ವನ್ನು ಪರ್ಮಿಟ್ ಅಂತ ಓದಬೇಡಿ.

ಹೊಂಡದ ವಿಷಯ. 'ಬೇಡ' ಅಂತ ಬಂದರೆ ನಂಬಿ, 'ಸರಿ' ಅಂತ ಬಂದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಗಾಳಿ ಹೊತ್ತು ತಂದ ಹಿಮ ಇಲ್ಲಿ 40 ಸೆಂ.ಮೀ. ಇದ್ದರೆ ಇಪ್ಪತ್ತು ಹೆಜ್ಜೆ ಆಚೆ ಒಂದು ಮೀಟರ್ ದಾಟಿರುತ್ತದೆ. ಬಂಡೆಗಳ ಸುತ್ತ ಪದರ ತೆಳ್ಳಗಿರುವ ಕಡೆ ನಿಮ್ಮ ಭಾರ ಕೆಳಗಿನ ಸಡಿಲ ಪದರಕ್ಕೆ ನೇರ ತಗಲುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ನೀವು ತೋಡಿದ್ದು ಮಾತ್ರ ದಪ್ಪ ಇರುವ ಕಡೆ!

ಕಾಶ್ಮೀರದಲ್ಲಿ ನಿಜವಾದ ತಲೆನೋವು ಅಡಿಯ ಪದರ. ಡಿಸೆಂಬರಿನಲ್ಲಿ 60 ಸೆಂ.ಮೀ. ಹಿಮ ಬಿದ್ದು ಆಮೇಲೆ ಆಕಾಶ ತಿಳಿಯಾಗಿ ಚಿಲ್ಲೈ ಕಲಾನ್ (ಕಾಶ್ಮೀರದ ಅತಿ ಕಡು ಚಳಿಯ ನಲವತ್ತು ದಿನ) ಚಳಿ ಹಿಡಿಯಿತು ಅಂದುಕೊಳ್ಳಿ. ನೆಲದ ಹತ್ತಿರ 0°, ಮೇಲ್ಮೈಯಲ್ಲಿ −15°. ಅಂದರೆ 10 ಸೆಂ.ಮೀ.ಗೆ 2.5° ವ್ಯತ್ಯಾಸ. 1° ದಾಟಿದರೇ ಕಣಗಳ ನಡುವಿನ ಬೆಸುಗೆ ಕಳಚಿ ದೊಡ್ಡ ಹರಳಾಗಲು ಶುರು. ಅದನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬನ್ಸಿ ರವೆ ಹಾಗೆ ಬೆರಳ ಸಂದಿಯಿಂದ ಉದುರುತ್ತದೆ. ಇದರ ಮೇಲೆ ಪಶ್ಚಿಮದ ವಾಯುಪ್ರಕ್ಷೋಭೆ ಎರಡು ದಿನದಲ್ಲಿ 70 ಸೆಂ.ಮೀ. ಸುರಿದರೆ ಸ್ಲ್ಯಾಬ್, ಅಂದರೆ ಸಡಿಲ ಪದರದ ಮೇಲೆ ಒಟ್ಟಾಗಿ ಜಾರುವ ಹಿಮದ ಹಲಗೆ, ತಯಾರು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ಬೋಳಾಗಿತ್ತು, ಹಿಮ ತಡವಾಗಿ ಸುರಿಯಿತು. ಫೆಬ್ರವರಿ 22ರಂದು ಖಿಲನ್‌ಮಾರ್ಗ್ ಬಳಿಯ ಹಿಮಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಹಿಂದಿನ ವರ್ಷ ಫೆಬ್ರವರಿ 1ರಂದು ಹಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು.

ಟೆಸ್ಟ್ ಮಾಡುವುದೇ ಆದರೆ ಎಕ್ಸ್‌ಟೆಂಡೆಡ್ ಕಾಲಂ (ಅಗಲ ಕಂಬದ) ಟೆಸ್ಟ್ ಮಾಡಿ. ಅಡ್ಡಕ್ಕೆ 90, ಒಳಕ್ಕೆ 30 ಸೆಂ.ಮೀ. ಕಂಬ ಬಿಡಿಸಿ, ಹಿಂಭಾಗವನ್ನೂ ಹಗ್ಗದಿಂದ ಪೂರ್ತಿ ಕತ್ತರಿಸಬೇಕು. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಪೆಟ್ಟು. ಬಿರುಕು ಹುಟ್ಟಿದ ಪೆಟ್ಟಿಗೇ ಅಥವಾ ಮುಂದಿನದಕ್ಕೇ ಇನ್ನೊಂದು ತುದಿವರೆಗೆ ಓಡಿದರೆ ವಾಪಸ್ ಹೊರಡಿ. ಸಡಿಲ ಪದರ ಒಂದು ಮೀಟರಿಗಿಂತ ಆಳದಲ್ಲಿದ್ದರೆ ಈ ಟೆಸ್ಟಿಗೂ ಸರಿಯಾಗಿ ಸಿಗುವುದಿಲ್ಲ.

ಸ್ಕೀ_ಹುಚ್ಚ: ಹಾಗಾದರೆ ಯಾವುದರ ಮೇಲೆ ನಿರ್ಧಾರ ಮಾಡುವುದು?

ಇಳಿಜಾರು_39: ಕೋನದ ಮೇಲೆ. ಸ್ಲ್ಯಾಬ್ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಒಳಗೆ. ಸ್ಕೀ ಪೋಲನ್ನು (ಊರುಗೋಲು) ಹಿಮದ ಮೇಲೆ ಇಳಿಜಾರಿನ ನೇರಕ್ಕೆ ಮಲಗಿಸಿ, ಅದರ ಮೇಲೆ ಫೋನಿನ ಅಂಚು ಇಟ್ಟು ಅಳೆಯಿರಿ. ಕಣ್ಣಳತೆ ಬೇಡ, ಹತ್ತು ಡಿಗ್ರಿ ತಪ್ಪುವುದು ಮಾಮೂಲು. 30ಕ್ಕಿಂತ ಕಡಿಮೆ ಇದ್ದು *ಮೇಲ್ಗಡೆಯೂ* ಕಡಿದಾದ ಜಾಗ ತೂಗಿಕೊಂಡಿಲ್ಲ ಅಂದರೆ ಮಜಾ ಮಾಡಿ. 24 ಗಂಟೆಯಲ್ಲಿ 30 ಸೆಂ.ಮೀ. ಬಿದ್ದಿದ್ದರೆ, ಗಾಳಿ ಬೀಸಿದ್ದರೆ, ಸ್ಕೀ ಮುಂದೆ ಬಿರುಕು ಓಡಿದರೆ ಅಥವಾ ಕಾಲಡಿ 'ಧುಪ್' ಅಂತ ಹಿಮ ಕುಸಿದರೆ ಕಡಿದಾದ ಜಾಗದ ಮಾತೇ ಎತ್ತಬೇಡಿ. ಅಲ್ಲಿ ಬಿರುಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ನಿಮ್ಮ ಆಸೆಯ ಇಳಿಜಾರುಗಳು ಈಶಾನ್ಯ, ಪೂರ್ವಕ್ಕಿವೆ, ಅಂದರೆ ಬೆಟ್ಟದ ಬೆನ್ನಿನಾಚೆಯ ಹಿಮವೆಲ್ಲ ಬಂದು ಕೂರುವುದು ಅಲ್ಲೇ. ಬಿರುಗಾಳಿ ಮುಗಿದ ಮೊದಲ ಬಿಸಿಲಿನ ದಿನ ಗೊಂಡೋಲಾ ಕ್ಯೂ ಉದ್ದ ಇರುತ್ತದೆ, ಅಪಾಯವೂ ಅವತ್ತೇ.

ಸಲಿಕೆ_ಮೊದಲು: ಬಾಡಿಗೆ ಬೀಕನ್ ಬಗ್ಗೆ: 457 ಕಿಲೋಹರ್ಟ್ಜ್, ಮೂರು ಆಂಟೆನಾದ್ದೇ ಕೇಳಿ. ಬ್ಯಾಟರಿ ಮುಚ್ಚಳ ತೆಗೆದು ಹಸಿರು ತುಕ್ಕು ಇದೆಯಾ ನೋಡಿ, ಹೊಸ ಆಲ್ಕಲೈನ್ ಸೆಲ್ ಹಾಕಿ, ರೀಚಾರ್ಜಬಲ್ ಬೇಡ. ಫೋನು, ಕ್ಯಾಮೆರಾ, ಬಿಸಿ ಗ್ಲೌಸ್ ಅದರಿಂದ 20 ಸೆಂ.ಮೀ. ದೂರ, ಹುಡುಕುವಾಗ 50. ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಕೋಲು) 240 ಸೆಂ.ಮೀ.ಗಿಂತ ಗಿಡ್ಡ ಬೇಡ. ಸಲಿಕೆ ಅಲ್ಯೂಮಿನಿಯಮ್ಮಿನದು, ಕುಸಿದ ಹಿಮ ನಿಂತ ತಕ್ಷಣ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಮುರಿಯುತ್ತದೆ.

ಯಾರಾದರೂ ಹೂತುಹೋದರೆ, ಬೀಕನ್ ತೋರಿಸಿದ ಜಾಗದಲ್ಲಿ ಪ್ರೋಬ್ ಚುಚ್ಚುವುದು ಇಳಿಜಾರಿಗೆ ಲಂಬವಾಗಿ, 25 ಸೆಂ.ಮೀ. ಅಂತರದಲ್ಲಿ ಸುರುಳಿಯಾಗಿ. ತಗುಲಿತಾ, ಅಲ್ಲೇ ಬಿಡಿ, ಕೀಳಬೇಡಿ. ಅಗೆಯುವುದು ನೇರ ಮೇಲಿಂದಲ್ಲ: ಆಳ 1 ಮೀ. ಇದ್ದರೆ ಕೆಳಬದಿಗೆ 1.5 ಮೀ. ಸರಿದು ಅಡ್ಡಲಾಗಿ ಒಳಗೆ ನುಗ್ಗಿ. ಮೇಲೇ ನಿಂತು ಅಗೆದರೆ ಒಳಗಿರುವವರ ಉಸಿರಿನ ಜಾಗವೂ ಅದುಮಿಹೋಗುತ್ತದೆ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುತೇಕ ಮಂದಿ ಬದುಕುತ್ತಾರೆ, ಆಮೇಲೆ ಲೆಕ್ಕ ಸರಸರ ಇಳಿಯುತ್ತದೆ. ಹೊರಗಿನ ನೆರವು ಅಷ್ಟರೊಳಗೆ ಬರುವುದಿಲ್ಲ, ನಿಮ್ಮ ನಾಲ್ವರೇ. ಅದಕ್ಕೇ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಕಣ್ಣು ಕೀಳದೆ ನೋಡುತ್ತಿರಲಿ. ಕಾಯುವ ಜಾಗ ದಿಬ್ಬದ ಮೇಲಿರಲಿ, ಹಳ್ಳದಲ್ಲಿ ಅಲ್ಲ.

ಇನ್ನೊಂದು: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಒಯ್ಯಿರಿ. ಸ್ಯಾಟಲೈಟ್ ಮೆಸೆಂಜರ್ ಅನುಮತಿ ಇಲ್ಲದೆ ಬ್ಯಾಗಿನಲ್ಲಿಟ್ಟರೆ ಶ್ರೀನಗರ ಏರ್‌ಪೋರ್ಟಿನಲ್ಲೇ ಟ್ರಿಪ್ ಮುಗಿಯಬಹುದು.