ಬದುವಿನ ಗಂಧದ ಮರಕ್ಕೆ ಯಾರೋ ತೂತು ಕೊರೆದಿದ್ದಾರೆ, ಈಗ ಏನು ಮಾಡಲಿ?

ಪಾಂಡವಪುರದ ಬದು:
ನಮ್ಮದು ಒಂದೂವರೆ ಎಕರೆ, ಕಬ್ಬು, ಮತ್ತೆ ಮನೆಗಾಗುವಷ್ಟು ರಾಗಿ. ಬದುವಿನ ಮೇಲೆ ಹೊಂಗೆ ಮರದ ಪಕ್ಕ ಒಂದು ಶ್ರೀಗಂಧ ಇದೆ. ನಾವು ನೆಟ್ಟಿದ್ದಲ್ಲ, ಹಕ್ಕಿ ಹಾಕಿದ ಬೀಜ. 2003ರಲ್ಲಿ ಮಗಳು ಹುಟ್ಟಿದಾಗ ಮೊಣಕಾಲುದ್ದ ಇತ್ತು. ಹೋದ ಭಾನುವಾರ ನೀರು ಕಟ್ಟಲು ಹೋದಾಗ ನೋಡಿದರೆ ಬುಡದಿಂದ ಗೇಣು ಮೇಲೆ ಬೆರಳು ತೂರುವಷ್ಟು ತೂತು. ಕೆಳಗೆ ಮರದ ಪುಡಿ. ಮೂಸಿದರೆ ಘಮ್ ಅನ್ನುತ್ತಿತ್ತು.

"ಮೊಳಕೆಯಲ್ಲೇ ಕಿತ್ತು ಹಾಕು ಅಂದಿದ್ದೆ" ಅಂತ ನಮ್ಮಪ್ಪ ಶುರು ಮಾಡಿದ್ದಾರೆ. ಅವರ ಕಾಲದಲ್ಲಿ ಹೊಲದಲ್ಲಿ ಗಂಧದ ಸಸಿ ಕಂಡರೆ ನಾಲ್ಕು ಎಲೆ ಬಿಡುವ ಮುಂಚೆ ಕೀಳುತ್ತಿದ್ದರಂತೆ. ಮರ ಸರ್ಕಾರದ್ದು, ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. ಈಗಲೂ ಹಾಗೇನಾ? ಮರ ಹೋದರೆ ನನ್ನನ್ನೇ ಒಳಗೆ ಹಾಕ್ತಾರಾ? ಅದಕ್ಕಿಂತ ನಾನೇ ಕಡಿದು ಮಾರಿಬಿಡಲಾ?

ಹುಣಸೂರು ರಸ್ತೆ ನರ್ಸರಿ:
ಕೊಡಲಿ ಕೆಳಗಿಡಿ ಅಣ್ಣ! 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯ್ತು. ನಿಮ್ಮ ಜಮೀನಿನ ಗಂಧ ನಿಮ್ಮದೇ. ಆದರೆ ನಿಮ್ಮದು ಅಂದ ಮಾತ್ರಕ್ಕೆ ಕಡಿಯೋ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಅನುಮತಿ ಇಲ್ಲದೆ ಕಡಿದರೆ ಆಗ ನಿಜವಾಗಿಯೂ ನೀವೇ ಒಳಗೆ.

ಆ ತೂತು ಚೇಗು, ಅಂದರೆ ಒಳಗಿನ ಘಮಘಮಿಸುವ ತಿರುಳು, ಕೂತಿದೆಯಾ ಅಂತ ನೋಡಲು ಕೊರೆದದ್ದು. ಘಮ್ ಅಂದಿದೆ ಅಂದರೆ ಕೂತಿದೆ. ಅವರು ಮತ್ತೆ ಬರ್ತಾರೆ. ಇವತ್ತೇ ಫೋಟೊ ತೆಗೆದು ಠಾಣೆಗೂ ವಲಯ ಅರಣ್ಯಾಧಿಕಾರಿಗೂ ಬರೆದು ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಪಹಣಿಯಲ್ಲಿ ಮರ ದಾಖಲಾಗಿದೆಯಾ?

ಮಾನಂದವಾಡಿ ರಸ್ತೆ ತಾತ:
ನಮ್ಮ ಕಡೆ ಗಂಧದೆಣ್ಣೆ ಕಾರ್ಖಾನೆ ಇದೆ, 1916ರದ್ದು. ಗಾಳಿ ತಿರುಗಿದ ದಿನ ಬೀದಿಗೆಲ್ಲ ವಾಸನೆ. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷ ಅಂದ, ಆಮೇಲೆ ಮಹಾರಾಜರೂ ಸರ್ಕಾರವೂ ಅದನ್ನೇ ಹಿಡಿದುಕೊಂಡರು. ನಿಮ್ಮಪ್ಪ ಕೀಳು ಅಂದದ್ದರಲ್ಲಿ ತಪ್ಪೇನಿಲ್ಲಪ್ಪ, ಇನ್ನೂರು ವರ್ಷದ ಹೆದರಿಕೆ ಅದು.

ಒಂದು ಮಾತು. ಗಂಧವನ್ನು ಕಡಿಯೋದಲ್ಲ, ಬೇರು ಸಮೇತ ಕೀಳೋದು. ಎಣ್ಣೆ ಬೇರಲ್ಲೇ ಜಾಸ್ತಿ. ಕಳ್ಳರಿಗೆ ಅಗೆಯೋಕೆ ಪುರಸೊತ್ತಿರಲ್ಲ, ಗರಗಸ ಹಾಕಿ ಕಾಂಡ ಹೊತ್ಕೊಂಡು ಹೋಗ್ತಾರೆ. ಅಕಸ್ಮಾತ್ ಹಾಗಾದರೆ ಕೊರಡು ನೀವೇ ಕಿತ್ತುಬಿಡಬೇಡಿ. ಮಹಜರು ಆಗುವ ತನಕ ಹಾಗೇ ಇರಲಿ.

ಸಕ್ಕರೆ ಸೀಮೆ:
ಹೊಂಗೆ ಮುಟ್ಟಬೇಡಿ ಗುರೂ. ಗಂಧ ಅರ್ಧ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕೋದು. ನಮ್ಮ ಚಿಕ್ಕಪ್ಪ ನೆರಳು ಅಂತ ಹೊಂಗೆ ಕಡಿಸಿದರು, ಎರಡೇ ವರ್ಷಕ್ಕೆ ಗಂಧ ಸೊರಗಿ ನಿಂತಿತು.

ಪಾಂಡವಪುರದ ಬದು:
ಎಲ್ಲರಿಗೂ ನಮಸ್ಕಾರ. ಪಹಣಿ ತೆಗೆಸಿದೆ. ಮರಗಳ ಅಂಕಣ ಖಾಲಿ. ಸೇರಿಸಿ ಅಂತ ಅರ್ಜಿ ಕೊಡಲು ಹೋದರೆ "ಒಂದು ಮರಕ್ಕೆಲ್ಲಾ ಯಾಕೆ ಸ್ವಾಮಿ" ಅಂದರು. ತಾತ ಹೇಳಿದ ಹೆದರಿಕೆ ನನಗೂ ಒಂಚೂರು ಇತ್ತು, ಆದರೂ ಕೂತೆ. ಮಧ್ಯಾಹ್ನ ಮೂರಕ್ಕೆ ಸೀಲು ಬಿತ್ತು. ಠಾಣೆಯಲ್ಲಿ ಇಷ್ಟು ಹೊತ್ತಾಗಲಿಲ್ಲ.

ಅಪ್ಪನಿಗೆ 2001ರ ವಿಷಯ ಹೇಳಿದೆ. "ಹಂಗಾದ್ರೆ ನಾನು ಕೀಳು ಅಂದಾಗ್ಲೇ ಮರ ನಮ್ದಾಗಿತ್ತಾ?" ಅಂದರು. ಆಮೇಲೆ ಮಾತಿಲ್ಲ. ರಾತ್ರಿ ಊಟ ಮುಗಿಸಿ ಟಾರ್ಚು, ಕಂಬಳಿ, ನಾಯಿ ಕರ್ಕೊಂಡು ಬದುವಿನ ಕಡೆ ಹೊರಟರು.