ಬಾವಿ ಬತ್ತುವ ಮೊದಲು ಹಿತ್ತಲಿಗೆ ಏನೇನು ಮಾಡಬೇಕು?

ಪೆರ್ಲದ ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮನೆ ಹಿಂದೆ ಸುಮಾರು 20 ಸೆಂಟ್ಸ್ ಜಾಗ. ಆರು ತೆಂಗಿನ ಮರ, ಮೂವತ್ತು ಅಡಿಕೆ ಗಿಡ ಇವೆ. ಅಡಿಕೆಗೆ ಎರಡು ವರ್ಷ ಆಯಿತು. ಬಾವಿಕಟ್ಟೆ ಪಕ್ಕ ಬಸಳೆ ಚಪ್ಪರ, ಅದರ ಆಚೆ ತೊಂಡೆ.

ಕಳೆದ ಬೇಸಗೆಯಲ್ಲಿ ವಿಷು ಹಬ್ಬ (ಏಪ್ರಿಲ್ ನಡುವಿಗೆ) ಕಳೆದು ಒಂದು ವಾರಕ್ಕೆ ಬಾವಿಯ ತಳ ಕಂಡಿತು. ಕೊಡಪಾನ ಇಳಿಸಿದರೆ ಅರ್ಧ ನೀರು, ಅರ್ಧ ಕೆಸರು. ಅತ್ತೆ ಪಾತ್ರೆ ತೊಳೆದ ನೀರನ್ನು ಬಕೆಟಿನಲ್ಲಿ ಕೂಡಿಟ್ಟು, ಸಂಜೆ ಒಂದೊಂದು ಗಿಡಕ್ಕೆ ಎರಡೆರಡು ಚೆಂಬು ಅಂತ ಎಣಿಸಿ ಹಾಕುತ್ತಿದ್ದರು. ಆದರೂ ಒಂಬತ್ತು ಅಡಿಕೆ ಗಿಡ ಸತ್ತವು, ಅದಕ್ಕೆ ಬದಲಿ ಗಿಡ ಈ ಮಳೆಗಾಲದಲ್ಲಿ ನೆಟ್ಟಿದ್ದೇವೆ. ಉಳಿದವುಗಳ ಪಡು ಬದಿಯ ಎಲೆ ಸುಟ್ಟ ಹಾಗೆ ಕಂದಾಗಿತ್ತು. ಬಸಳೆ ಚಪ್ಪರದಲ್ಲೇ ಒಣಗಿತು.

ಈಗ ಡಿಸೆಂಬರ್ ಮೊದಲ ವಾರ. ಮಳೆ ನಿಂತಿದೆ, ಬಾವಿಯಲ್ಲಿ ಎರಡಾಳು ನೀರಿದೆ. ಹಿತ್ತಲ ತುಂಬ ಹುಲ್ಲು, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಪೊದೆ. ಕಳೆನಾಶಕ ಹೊಡೆದು, ತರಗೆಲೆ ಗುಡಿಸಿ ಸುಟ್ಟು, ಚೊಕ್ಕ ಮಾಡಿ ಆಮೇಲೆ ಪೈಪ್ ಎಳೆಯೋಣ ಅಂತ ಇದ್ದೇವೆ. ಕೊಳವೆಬಾವಿ ಕೊರೆಸಿ ಅಂತ ಹೇಳುವವರೂ ಇದ್ದಾರೆ. ಮೇಲಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಅಜ್ಜನ ಕಾಲದ ಸುರಂಗ ಒಂದಿದೆ, ಆದರೆ ಬಾಯಲ್ಲೇ ಮಣ್ಣು ಕುಸಿದು ನೀರು ನಿಂತುಹೋಗಿದೆ. ಯಾವುದನ್ನು ಮೊದಲು ಮಾಡುವುದು, ಹೇಳ್ತೀರಾ?

ಮುರಕಲ್ಲು, ಬದಿಯಡ್ಕ:
ಮೊದಲು ಮಾಡಬೇಕಾದ್ದು ಏನೆಂದರೆ ಗುಡಿಸುವುದನ್ನು ನಿಲ್ಲಿಸುವುದು. ದಯವಿಟ್ಟು ಒಂದು ತರಗೆಲೆಯನ್ನೂ ಸುಡಬೇಡಿ.

ನಮ್ಮದು ಮುರ (ಜಂಬಿಟ್ಟಿಗೆ) ಮಣ್ಣು. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬಿದ್ದರೂ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಹರಿದು ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿಬಿಡುತ್ತದೆ. ಈಗ ಮಣ್ಣಿನಲ್ಲಿ ಇರುವ ತೇವವೇ ನಿಮ್ಮ ಆಸ್ತಿ. ಹಿತ್ತಲನ್ನು ಅಂಗಳದ ಹಾಗೆ ಬೋಳು ಮಾಡಿದರೆ ಫೆಬ್ರವರಿ ಬಿಸಿಲಿಗೇ ಅದು ಹೋಯಿತು. ಆಮೇಲೆ ಎಷ್ಟು ಪೈಪ್ ಎಳೆದರೂ ಬಾವಿಯೇ ಬೇಗ ಖಾಲಿಯಾಗುತ್ತದೆ ಅಷ್ಟೆ.

ಹುಲ್ಲನ್ನು ಕತ್ತಿಯಲ್ಲಿ ಸವರಿ ಅಲ್ಲೇ ಬಿಡಿ. ಕಮ್ಯುನಿಸ್ಟ್ ಗಿಡ ಒಳ್ಳೆಯ ಸೊಪ್ಪು, ಬೀಜ ಕಟ್ಟುವ ಮೊದಲು ಈಗಲೇ ಕಡಿದು ತೆಂಗಿನ ಬುಡಕ್ಕೆ ಹಾಕಿ. ಬುಡದಿಂದ 1.8 ಮೀಟರ್ ಸುತ್ತ ಕಟ್ಟೆ ಮಾಡಿ, ಮೇಲೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ, ಅಂದರೆ ಬೆನ್ನು ಮೇಲೆ ಬರುವ ಹಾಗೆ, ಎರಡು ವರಸೆ ಜೋಡಿಸಿ. ಸಿಪ್ಪೆ ಸಾಲದಿದ್ದರೆ ಒಣ ಮಡಲನ್ನು (ತೆಂಗಿನ ಗರಿಯನ್ನು) ಎರಡು ಮೂರು ತುಂಡು ಮಾಡಿ ಹಾಸಿ. ಮಣ್ಣು ಹಸಿ ಇರುವಾಗಲೇ ಮುಚ್ಚಬೇಕು. ಒಣಗಿದ ಮೇಲೆ ಮುಚ್ಚಿದರೆ ಅಷ್ಟು ಪ್ರಯೋಜನ ಇಲ್ಲ.

ನೀರಿನ ಲೆಕ್ಕ ಕೇಳಿ. ಬುಡಕ್ಕೆ ಬಿಡುವುದಾದರೆ ಒಂದು ತೆಂಗಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಬೇಕು. ಹನಿ ನೀರಾವರಿಯಲ್ಲಿ ದಿನಕ್ಕೆ ಹೆಚ್ಚೆಂದರೆ 32 ಲೀಟರ್ ಸಾಕು. ನಿಮ್ಮ ಆರು ಮರಕ್ಕೆ ದಿನಕ್ಕೆ 300 ಲೀಟರ್ ಆಗುವಲ್ಲಿ 192 ಲೀಟರ್. ಉಳಿಯುವ ನೂರು ಲೀಟರ್ ಅಡಿಕೆ ಗಿಡಗಳಿಗೆ ಆಯಿತು. ಹಾಗಾಗಿ ಪೈಪ್ ಎಳೆಯುವುದಾದರೆ ಹನಿಯದ್ದೇ ಎಳೆಯಿರಿ, ಮುಚ್ಚಿಗೆ ಹಾಕಿದ ಮೇಲೆ.

ಅಡಿಕೆ ಎಲೆ ಸುಟ್ಟದ್ದು ನೀರಿನ ಕೊರತೆಯಿಂದ ಮಾತ್ರ ಅಲ್ಲ. ಮಧ್ಯಾಹ್ನ ಮೇಲೆ ತೆಂಕು-ಪಡು ಮೂಲೆಯಿಂದ ಹೊಡೆಯುವ ಬಿಸಿಲು ಅಡಿಕೆಗೆ ಆಗುವುದಿಲ್ಲ. ದೊಡ್ಡ ಮರದ ಕಾಂಡವೇ ಹಳದಿಯಾಗಿ, ಕಂದಾಗಿ, ಕೊನೆಗೆ ಬಿರಿಯುತ್ತದೆ, ಆಮೇಲೆ ಜೋರು ಗಾಳಿಗೆ ಅಲ್ಲೇ ಮುರಿಯುತ್ತದೆ. ಬದಿಯ ಸಾಲಿನ ಮರಗಳಿಗೆ ಸುಣ್ಣ ಬಳಿಯುವುದು, ಸೋಗೆ ಕಟ್ಟುವುದು ಅದಕ್ಕೇ. ನಿಮ್ಮ ಸಣ್ಣ ಗಿಡಗಳಿಗೆ ಈ ವರ್ಷ ಆ ಎರಡು ಬದಿಗೆ ಮಡಲು ಊರಿ ಮರೆ ಮಾಡಿ. ಮುಂದಿನ ಮಳೆ ಶುರುವಾಗುವಾಗ ಅದೇ ಬದಿಯಲ್ಲಿ ಬಾಳೆ ಕಂದು ನೆಡಿ.

ಕಳೆನಾಶಕದ ವಿಷಯ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಡೀ ದೇಶದಲ್ಲಿ ತಡೆಯುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಏನಾಗಿತ್ತು ಅಂತ ಪೆರ್ಲದವರಿಗೆ ನಾನು ಹೇಳಬೇಕಿಲ್ಲ. ಅದು ಕೀಟನಾಶಕ, ಇದು ಬೇರೆ, ನಿಜ. ಆದರೆ ನಿಮ್ಮ ಬಾವಿ ಹಿತ್ತಲಲ್ಲೇ ಇದೆ, ಬಸಳೆ ಅದರ ಕಟ್ಟೆಗೇ ತಾಗಿ ಇದೆ. ಒಂದು ದಿನದ ಕತ್ತಿ ಕೆಲಸಕ್ಕೆ ಅದು ಬೇಡವೇ ಬೇಡ.

ಬಾಯಾರು ಗುಡ್ಡೆ:
ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಸುರಂಗದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆ ಅಡುಗೆಗೂ ತೋಟಕ್ಕೂ ಇವತ್ತಿಗೂ ಸುರಂಗದ್ದೇ ನೀರು.

ಕೊಳವೆಬಾವಿಗೆ ದುಡ್ಡು ಸುರಿಯುವ ಮೊದಲು ಆ ಸುರಂಗ ಬಿಡಿಸಿ ನೋಡಿ. ಬಾಯಲ್ಲಿ ಮಾತ್ರ ಕುಸಿದದ್ದಾದರೆ ಒಳಗೆ ನೀರು ಇರುವ ಸಾಧ್ಯತೆ ಜಾಸ್ತಿ. ಸುರಂಗ ಮನೆಗಿಂತ ಮೇಲೆ ಇದ್ದರೆ ಕರೆಂಟೇ ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ನಮ್ಮಲ್ಲಿ ಮೊದಲು ಅಡಿಕೆ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಅಡಿಕೆ ಮರದಲ್ಲಿ) ಬರುತ್ತಿತ್ತು, ಈಗ ಒಂದು ಇಂಚಿನ ಪೈಪ್. ಕೆಳಗೆ ಸಣ್ಣ ಮಣ್ಣಿನ ಕೆರೆ. ನೀರು ಸಣ್ಣ ಧಾರೆ ಆದರೂ ರಾತ್ರಿ ಇಡೀ ಬಿದ್ದು ಬೆಳಗ್ಗೆ ಕೆರೆ ತುಂಬಿರುತ್ತದೆ.

ಆದರೆ ನೀವೇ ನುಗ್ಗಬೇಡಿ. ಸುರಂಗ ಅಗೆದು ಗೊತ್ತಿರುವ ಹಳಬರು ನಮ್ಮ ಕಡೆ ಇನ್ನೂ ಇದ್ದಾರೆ, ಅವರನ್ನೇ ಕರೆಯಿರಿ. ಅವರು ಒಳಗೆ ಹೋಗುವಾಗ ಮೇಣದ ಬತ್ತಿ ಹಚ್ಚಿಕೊಂಡು ಹೋಗುತ್ತಾರೆ. ಬೆಳಕಿಗೆ ಮಾತ್ರ ಅಲ್ಲ, ಬತ್ತಿ ಸಣ್ಣಗಾಗಿ ನಂದಿದರೆ ಒಳಗೆ ಗಾಳಿ ಸಾಲದು ಅಂತ ಗೊತ್ತಾಗುತ್ತದೆ, ಕೂಡಲೇ ಹೊರಗೆ ಬರುತ್ತಾರೆ. ಹೊರಗೆ ಯಾವಾಗಲೂ ಒಬ್ಬರು ಇರಲೇಬೇಕು. ಸಡಿಲ ಮಣ್ಣು ಇರುವಲ್ಲಿ ಕಲ್ಲು ಕಟ್ಟಿಸಿ.

ಇನ್ನೊಂದು ಮಾತು. ನಿಮ್ಮ ಜಾಗದ ಕೆಳಗೆ ತೋಡು (ಸಣ್ಣ ಹಳ್ಳ) ಇದೆಯಾ? ಇದ್ದರೆ ಅಕ್ಕಪಕ್ಕದವರನ್ನು ಸೇರಿಸಿ ಈಗಲೇ ಅದಕ್ಕೆ ಅಡ್ಡವಾಗಿ ಕಟ್ಟ (ಸಣ್ಣ ಒಡ್ಡು) ಹಾಕಿ. ಏತಡ್ಕದ ಕಡೆ ಹೋಗಿ ನೋಡಿ, ಕಲ್ಲು ಮಣ್ಣಿನ ಕಟ್ಟ ಹಾಕುವ ರೂಢಿ ಅಲ್ಲಿ ಹಿಂದಿನಿಂದ ಇದೆ. ಕಟ್ಟದಲ್ಲಿ ನೀರು ನಿಂತಷ್ಟು ದಿನ ಅಕ್ಕಪಕ್ಕದ ಬಾವಿಗಳೂ ಇಳಿಯುವುದಿಲ್ಲ. ತೋಡಿನ ಹರಿವು ನಿಂತ ಮೇಲೆ ಕಟ್ಟಿದರೆ ಏನೂ ಸಿಗದು, ಡಿಸೆಂಬರೇ ಸಮಯ.

ಪೆರ್ಲದ ಹಿತ್ತಲು:
ತುಂಬಾ ಉಪಕಾರ. ತೋಡು ಇದೆ, ಇನ್ನೂ ಹರಿಯುತ್ತಿದೆ! ಆದಿತ್ಯವಾರ ಪಕ್ಕದ ಎರಡು ಮನೆಯವರ ಹತ್ತಿರ ಮಾತಾಡುತ್ತೇನೆ. ಒಂದು ಸಂಶಯ, ಇಷ್ಟೆಲ್ಲ ಸೊಪ್ಪು ಸಿಪ್ಪೆ ಹಾಕಿದರೆ ಒರಲೆ (ಗೆದ್ದಲು), ಹಾವು ಬರುವುದಿಲ್ಲವಾ? ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ.

ಮುರಕಲ್ಲು, ಬದಿಯಡ್ಕ:
ಹೆದರಿಕೆ ಸಹಜ. ಮನೆ ಗೋಡೆಯಿಂದ ನಾಲ್ಕೈದು ಮೀಟರ್ ಜಾಗ, ಬಾವಿಗೆ ಹೋಗುವ ದಾರಿ, ಮಗು ಆಡುವ ಜಾಗ, ಇಷ್ಟನ್ನು ಚೊಕ್ಕ ಇಡಿ. ಉಳಿದಲ್ಲಿ ಹಾಸಿ. ಸಿಪ್ಪೆಯನ್ನು ಒಂದು ಕಡೆ ರಾಶಿ ಹಾಕಬೇಡಿ, ಹಾವಿಗೆ ಬೇಕಾದ್ದು ರಾಶಿಯ ಒಳಗಿನ ಪೊಟರೆ. ಸೊಪ್ಪು ಗಿಡದ ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟರೆ ಒರಲೆ ಏರಿದ್ದು ಕೂಡಲೇ ಕಾಣುತ್ತದೆ.

ಗುಡ್ಡದ ಬದಿಯ ಬೇಲಿಯಲ್ಲಿ ಮಾತ್ರ ಎರಡು ಮೀಟರ್ ಅಗಲಕ್ಕೆ ಹುಲ್ಲು ಪೂರ್ತಿ ಕೆರೆದು ತೆಗೆಯಿರಿ. ಮಾರ್ಚ್‌ನಲ್ಲಿ ಗುಡ್ಡೆಗೆ ಬೆಂಕಿ ಬಿದ್ದರೆ ಅದು ಒಣಹುಲ್ಲು ಹಿಡಿದೇ ಇಳಿಯುತ್ತದೆ.

ಕುಂಬಳೆ ಕಡಲ ಬದಿ:
ಇದನ್ನು ಓದುವ ಕರಾವಳಿಯವರಿಗೂ ಒಂದು ಮಾತು, ನಮ್ಮ ಕಷ್ಟವೇ ಬೇರೆ. ನಮ್ಮಲ್ಲಿ ಬಾವಿ ಬತ್ತುವುದಿಲ್ಲ, ಉಪ್ಪಾಗುತ್ತದೆ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಒಂದೇ ಸಮನೆ ಪಂಪ್ ಓಡಿಸಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಾನು ಹೀಗೇ ಮಾಡಿ ಹರಿವೆ ಸಾಲು ಪೂರ್ತಿ ಕಳಕೊಂಡೆ, ಎಲೆ ಅಂಚಿನಿಂದ ಒಣಗುತ್ತಾ ಬಂತು. ಈಗ ಫೂಟ್‌ವಾಲ್ವ್ ತಳದಿಂದ ಮೇಲೆ ಎತ್ತಿ ಕಟ್ಟಿದ್ದೇನೆ. ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಅಂತ ಎಳೆಯುತ್ತೇನೆ. ಹೊಯ್ಗೆ (ಮರಳು) ಮಣ್ಣಿಗೆ ತೆಂಗಿನ ನಾರಿನ ಪುಡಿಯೂ ಹಟ್ಟಿಗೊಬ್ಬರವೂ ಸೇರಿಸದೆ ತರಕಾರಿ ಹಾಕಬೇಡಿ, ನೀರು ನಿಲ್ಲುವುದೇ ಇಲ್ಲ.

ಅಟ್ಟದ ಸೌತೆ, ಮುಳ್ಳೇರಿಯ:
ಎಲ್ಲರೂ ಮರದ ಬಗ್ಗೆಯೇ ಹೇಳಿದಿರಿ, ತರಕಾರಿ ಮರೆತಿರಿ! ಬಸಳೆಯನ್ನು ಪೂರ್ತಿ ಬಿಸಿಲಿಗೆ ಬಿಡಬೇಡಿ, ಚಪ್ಪರದ ಪಡು ಬದಿಗೆ ಸೋಗೆ ಕಟ್ಟಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅದರ ಬುಡಕ್ಕೇ ಹೋಗುವ ಹಾಗೆ ಮಾಡಿ. ಸೋಪಿನ ನೀರನ್ನು ಬಾಳೆಗೆ ಬಿಡಿ.

ಇರುವ ನೀರಿಗೆ ತಕ್ಕ ಹಾಗೆ ಬಿತ್ತಿ. ಸೌತೆಯನ್ನು ಜನವರಿ ಅರ್ಧಕ್ಕೇ ಹಾಕಿದರೆ ವಿಷುವಿಗೆ ಮೊದಲು ಕೊಯ್ಲು ಮುಗಿಯುತ್ತದೆ. ಬಾವಿ ಇಳಿಯುವ ಹೊತ್ತಿಗೆ ಬಳ್ಳಿಗೆ ನೀರು ಕೇಳುವ ಕೆಲಸವೇ ಇಲ್ಲ. ವಿಷುವಿನ ಬೆಳಗ್ಗೆ ಮೊದಲು ನೋಡಲು ಜೋಡಿಸುವ ಕಣಿಗೆ ಹೊಂಬಣ್ಣದ ಸೌತೆ ನಿಮ್ಮದೇ ಹಿತ್ತಲದ್ದು ಸಿಗುತ್ತದೆ. ಉಳಿದದ್ದನ್ನು ತೊಟ್ಟು ಸಮೇತ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಅಟ್ಟದಲ್ಲಿ ತೂಗುಹಾಕಿ. ಒಂದಕ್ಕೊಂದು ತಾಗಬಾರದು, ತಾಗಿದರೆ ಅಲ್ಲಿಂದಲೇ ಕೊಳೆಯುತ್ತದೆ. ಆಟಿ (ಆಷಾಢ) ತಿಂಗಳ ಜಡಿಮಳೆಯಲ್ಲಿ ಸೌತೆಕಾಯಿ ಹುಳಿಗೆ ಅದೇ ಆಗುತ್ತದೆ.

ಪೆರ್ಲದ ಹಿತ್ತಲು:
ಇವತ್ತು ಎರಡು ತೆಂಗಿನ ಬುಡಕ್ಕೆ ಸೊಪ್ಪು, ಸಿಪ್ಪೆ ಹಾಸಿ ಆಯಿತು. ಮೇಲೆ ಹುಡಿಯಾಗಿ ಕಂಡ ಮಣ್ಣು ಎರಡು ಬೆರಳು ಕೆರೆದಾಗ ಒಳಗೆ ತಣ್ಣಗೆ ಹಸಿ ಇತ್ತು. ಸಮಯಕ್ಕೆ ಸರಿಯಾಗಿ ಹೇಳಿದಿರಿ. ಸುರಂಗದವರು ಬರುವ ವಾರ ಬರುತ್ತಾರಂತೆ. ಊರ ಸೌತೆ ಬೀಜ ನಿಮ್ಮಲ್ಲಿ ಇದೆಯಾ? ಬದಿಯಡ್ಕ ಪೇಟೆಗೆ ನಾನೇ ಬಂದು ತೆಗೆದುಕೊಳ್ಳುತ್ತೇನೆ.

ಅಟ್ಟದ ಸೌತೆ, ಮುಳ್ಳೇರಿಯ:
ಇದೆ, ಬೂದಿಯಲ್ಲಿ ಹೊರಳಿಸಿ ಒಣಗಿಸಿ ಇಟ್ಟಿದ್ದೇನೆ. ಎರಡು ಹಿಡಿ ಕೊಡುತ್ತೇನೆ. ಬರುವಾಗ ನಿಮ್ಮ ತೊಂಡೆಯ ಎರಡು ಬಳ್ಳಿ ತುಂಡು ತನ್ನಿ, ನಮ್ಮದು ಕಳೆದ ಬೇಸಗೆಯಲ್ಲಿ ಹೋಯಿತು.